ಊಳುಗಾಳಿಯವರೆಗೆ ತಾಳುವ ಮೇಣ

ಉಸ್ತಾ ಬದೀರ್ ನನ್ನ ಟ್ಯಾಕ್ಸಿಯ ಬಾನೆಟ್ಟನ್ನು ಮೂರು ಪಾಲು ಮಾಡಿದ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ದಾಯಾದಿಗಳು ಹೊಲ ಸೀಳಿಕೊಂಡ ಹಾಗೆ ಎಡಕ್ಕೊಂದು ಪಟ್ಟಿ, ನಡುವೆ ಒಂದು, ಬಲಕ್ಕೊಂದು; ಎಡದ್ದು ಬೂದಿ, ನಡುವಿನದು ಹೊಗೆ, ಬಲದ್ದು ಮಾತ್ರ ಆಗತಾನೆ ಸುರಿದ ಡಾಂಬರಿನಂಥ ಕಪ್ಪು. ಅಲೆಕ್ಸಾಂಡ್ರಿಯದಲ್ಲಿ ಕಪ್ಪು-ಹಳದಿ ಟ್ಯಾಕ್ಸಿಗಳು ಇರುವೆ ಸಾಲಿನಂತೆ ಹರಿಯುತ್ತವೆ, ನಿಜ; ಆದರೆ ಅಷ್ಟು ದೂರದಿಂದಲೇ ಯಾವ ಪೋಲೀಸಿನವನಾದರೂ ಗುರುತಿಸಿ ಸೀಟಿ ಊದಬಹುದಾದ ಗಾಡಿ ನನ್ನದೊಂದೇ. “ಫರ್ಗಲಿ, ಅದು ಯಾವ ದೇಶದ ಬಾವುಟವೋ? ಆ ದೇಶದಲ್ಲಿ ಸಕ್ಕರೆ ಅಗ್ಗವೇನೋ?” ಎಂದು ಚಹಾದಂಗಡಿಯ ಖಮೀಸ್ ಈಗಲೂ ಕೂಗುತ್ತಾನೆ, ನಾನೂ ಅವನಿಗೆ ತಕ್ಕ ಉತ್ತರವನ್ನೇ ಕೊಡುತ್ತೇನೆ, ಅದನ್ನು ಇಲ್ಲಿ ಬರೆಯುವಂತಿಲ್ಲ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದೆಂದು ಮಸೀದಿಯಲ್ಲಿ ಹೇಳುತ್ತಾರೆ. ಹೇಳಲಿ. ಕೆಲವರ ವಿಷಯದಲ್ಲಿ ಸಿಟ್ಟನ್ನು ಬಿಟ್ಟರೆ ಹಿಡಿದುಕೊಳ್ಳಲು ಬೇರೇನೂ ಉಳಿಯುವುದಿಲ್ಲ.

ಉಸ್ತಾ ಎಂದರೆ ಕಸುಬು ಬಲ್ಲ ಮೇಸ್ತ್ರಿ. ನಮ್ಮಲ್ಲಿ ಸ್ಕ್ರೂ ತಿರುಗಿಸಲು ಬರುವವನನ್ನೂ ಹಾಗೇ ಕರೆಯುತ್ತಾರೆ, ಆದರೆ ಬದೀರರನ್ನು ಕರೆಯುವಾಗ ಆ ಪದ ಸ್ವಲ್ಪ ನೆಟ್ಟಗೆ ನಿಲ್ಲುತ್ತಿತ್ತು. ಅವರನ್ನು ಕಂಡವರಿಗೆ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಮುಖವಲ್ಲ, ಬಲಗೈಯ ಅಂಗೈ. ನಡೆಯುವಾಗ ಎಡಗೈ ಕೋಟಿನ ಜೇಬಿನಲ್ಲಿ ಅಡಗಿರುತ್ತಿತ್ತು. ಬಲಗೈ ಸೊಂಟದ ಮಟ್ಟದಲ್ಲಿ ಒಂದು ಹೆಜ್ಜೆ ಮುಂದಾಗಿ, ಯಾರಿಗೂ ಕಾಣದ ಮೇಜೊಂದನ್ನು ಸವರಿಕೊಂಡು ಹೋಗುತ್ತಿರುವಂತೆ, ತೇಲುತ್ತಿತ್ತು. ಗಲ್ಲಿಯಲ್ಲಿ ನಿಂತ ಗಾಡಿ ಯಾರದ್ದೇ ಆಗಿರಲಿ, ಅದರ ಪಕ್ಕದಲ್ಲಿ ಹಾದುಹೋಗುವಾಗ ಆ ಅಂಗೈ ಅದರ ಮೈಮೇಲೆ ಹರಿದೇ ಹರಿಯಬೇಕು, ಆ ಹೊತ್ತಿಗೆ ಅವರ ಕಣ್ಣು ಮುಚ್ಚಿಯೇ ಇರಬೇಕು. “ಬಾಯಾರಿದೆ” ಎನ್ನುವರು ಒಂದಕ್ಕೆ. “ಇದಕ್ಕೆ ಉಪ್ಪು ಹತ್ತಿದೆ” ಎನ್ನುವರು ಇನ್ನೊಂದಕ್ಕೆ. ನನ್ನ ಗಾಡಿಯ ಮೇಲೆ ಮೊದಲ ಸಲ ಕೈಯಾಡಿಸಿದಾಗ ಅಂಗೈಯನ್ನು ಕೋಟಿಗೆ ಒರೆಸಿಕೊಂಡರು, ಅಷ್ಟೇ. ಅದು ಬೈಗುಳಕ್ಕಿಂತ ಹೆಚ್ಚಾಯಿತು.

ಆ ಕೋಟಿನ ಮಾತೂ ಬರಬೇಕು. ಕಂದು ಉಣ್ಣೆಯ, ಯಾವುದೋ ಹಡಗಿನ ಅಧಿಕಾರಿ ಬಿಟ್ಟುಹೋದ ಕೋಟು. ಆಗಸ್ಟಿನ ಬೆವರಿನಲ್ಲಿಯೂ ಅದರ ಗುಂಡಿಗಳು ಗಂಟಲಿನವರೆಗೆ ಬಿಗಿದಿರುತ್ತಿದ್ದವು. ಜೇಬುಗಳ ತುಂಬ ಬಟ್ಟೆಯ ತುಂಡುಗಳು: ಒರೆಸಲು ಹಳೆಯ ಜುಬ್ಬದ ಹತ್ತಿ, ತಿಕ್ಕಲು ಉಣ್ಣೆ, ಕೊನೆಯ ಮೆರುಗಿಗೆ ಮಗುವಿನ ಕುಲಾವಿಯಷ್ಟು ಮೆತ್ತಗಿನ ಫ್ಲಾನಲ್. ಅರಗು, ಟರ್ಪೆಂಟೈನ್, ಜೇನುಮೇಣಗಳು ಆ ಉಣ್ಣೆಯಲ್ಲಿ ಎಷ್ಟು ಕಾಲದಿಂದ ಸಂಸಾರ ಹೂಡಿದ್ದವೆಂದರೆ ಗಲ್ಲಿಯ ತಿರುವಿನಲ್ಲಿ ಮೊದಲು ವಾಸನೆ ಬರುತ್ತಿತ್ತು, ಆಮೇಲೆ ಅಂಗೈ, ಕಟ್ಟಕಡೆಗೆ ಮನುಷ್ಯ.

ಅವರು ಹುಟ್ಟಾ ಕಾರಿನ ಕೆಲಸದವರಲ್ಲ. ದಮ್ಯಾತದವರು, ಇಡೀ ದೇಶದ ಮದುಮಕ್ಕಳಿಗೆ ಮಂಚ ಕಪಾಟುಗಳನ್ನು ಮಾಡಿಕೊಡುವ ಊರಿನವರು. ಮರಕ್ಕೆ ಅರಗಿನ ಪಾಲಿಶ್ ಹೊಡೆಯುವುದು ಮನೆತನದ ಕಸುಬು. ಅಲ್ಲಿ ಅವರ ಗುರು ಕಲಿಸಿದ ಮೊದಲ ಮಾತನ್ನು ಅವರು ಪ್ರಾರ್ಥನೆಯಂತೆ ಹೇಳುತ್ತಿದ್ದರು: “ಬಾಯಿ ಬಿಟ್ಟ ಮರ ಕುಡಿದು ಕೆಡ್ತದೆ.” ಮರದ ಮೈಯ ಸಣ್ಣ ಸಣ್ಣ ರಂಧ್ರಗಳನ್ನೆಲ್ಲ ಮೊದಲು ತುಂಬಬೇಕು, ಒಂದೂ ತೆರೆದಿರಬಾರದು, ಆಮೇಲೆಯೇ ಮೆರುಗಿನ ಮಾತು. ಹಡಗಿನ ಕೋಣೆಗಳ ಮರಗೆಲಸಕ್ಕೆಂದು ನಮ್ಮ ಬಂದರಿಗೆ ಬಂದರು. ಕೋಣೆಗಳಿಗೆ ಪ್ಲಾಸ್ಟಿಕ್ಕಿನ ಹಲಗೆ ಬಂದ ಮೇಲೆ ಮರದಿಂದ ಕಾರಿಗೆ ದಾಟಿದರು. ಕೈ ಅದೇ, ಬಟ್ಟೆ ಅದೇ, ಗುರುವಿನ ಮಾತೂ ಅದೇ.

ಎಲ್ಲರೂ ಹೊಳಪನ್ನು ಕೇಳುವ ಕಡೆ ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: “ತಾಳತ್ತಾ?” ನಾವು ಡ್ರೈವರುಗಳು ಹಬ್ಬದ ಹಿಂದಿನ ದಿನ ಸೀಮೆಎಣ್ಣೆಯಲ್ಲಿ ಗಾಡಿ ಒರೆಸಿ ಮದುವಣಿಗನಂತೆ ಮಿರುಗಿಸಿಕೊಂಡು ಬಂದರೆ ಅವರು ಮುಖ ತಿರುಗಿಸಿ “ಹೊಳೆಯತ್ತೆ ಬಿಡಿ” ಎನ್ನುವರು, ಹೊಳೆಯುವುದೊಂದು ಕಾಯಿಲೆಯೆಂಬಂತೆ. ಮೀನು ಕರಿಯುವ ಉಮ್ಮ್ ಹಾಶಿಮಳ ಮಗಳನ್ನು ನೋಡಲು ಅತ್ತರು ಪೂಸಿಕೊಂಡ ಹುಡುಗನೊಬ್ಬ ಬಂದಿದ್ದ. ಹಿರಿಯರೆಂದು ಇವರನ್ನೂ ಕೂರಿಸಿದ್ದರು. ಹುಡುಗನ ತಾಯಿ ಎದುರಿಗೇ ಇರುವಾಗ ಇವರು ಅವನನ್ನು ಮೇಲಿನಿಂದ ಕೆಳಗೆ ನೋಡಿ “ಹೊಳೆಯತ್ತೆ. ತಾಳತ್ತಾ?” ಎಂದುಬಿಟ್ಟರು.

“ಅಯ್ಯೋ, ಇದು ಮದುವೆ ಉಸ್ತಾ, ಬಾನೆಟ್ ಅಲ್ಲ!” ಎಂದು ಉಮ್ಮ್ ಹಾಶಿಮ್ ಶರಬತ್ತಿನ ತಟ್ಟೆ ಹಿಡಿದೇ ಕಿರುಚಿದಳು.

“ಎರಡೂ ಒಂದೇ ತಾಯಿ. ಮಳೆ ಬಂದಾಗ್ಲೇ ಗೊತ್ತಾಗೋದು.”

ನಮ್ಮ ಊರಿನ ಮಳೆಗೆ ಹೆಸರುಗಳಿವೆ. ಕಡಲಿನಿಂದ ಏಳುವ ಚಳಿಗಾಲದ ಬಿರುಗಾಳಿಗಳಿಗೆ ನಮ್ಮ ಬೆಸ್ತರ ಅಜ್ಜಂದಿರು ಇಟ್ಟ ಹೆಸರುಗಳವು. ಬೀದಿ ಗುಡಿಸಿಕೊಂಡು ಬರುವ ಪೊರಕೆಗಾಳಿ ಮೊದಲನೆಯದು, ಆಮೇಲೆ ಕಾಸಿಮನ ಗಾಳಿ, ದೊಡ್ಡ ಹೊನಲು, ಇನ್ನೂ ಒಂದಷ್ಟು. ಮಾರ್ಚ್ ತಿಂಗಳ ಕೊನೆಯಲ್ಲಿ ಊಳುಗಾಳಿ ಊಳಿಟ್ಟು ಹೋದರೆ ಚಳಿಗಾಲ ಮುಗಿದಂತೆ. ಮೇಣದ ಆಯುಷ್ಯವನ್ನು ಬೇರೆಯವರು ತಿಂಗಳಲ್ಲಿ ಅಳೆದರೆ ಉಸ್ತಾ ಗಾಳಿಗಳಲ್ಲಿ ಅಳೆಯುತ್ತಿದ್ದರು. “ಇದು ಕಾಸಿಮನವರೆಗೆ.” “ಅದು ಪೊರಕೆಗೇ ಸತ್ತೋಗತ್ತೆ.” ಊಳುಗಾಳಿಯವರೆಗೆ ತಾಳುವ ಮೇಣ ಈ ಭೂಮಿಯ ಮೇಲೆ ಇದೆಯೇ ಎಂಬುದು ಅವರ ಬಾಳಿನ ಪ್ರಶ್ನೆ. ಅದು ಕಸುಬಿನವನ ಹುಚ್ಚಲ್ಲವೆಂದು ಗಲ್ಲಿಗೆಲ್ಲ ಗೊತ್ತಿತ್ತು, ಏಕೆಂದರೆ ಅವರ ಮನೆಯ ಮುಂದೆ ಆ ನೀಲಿ ಗಾಡಿ ನಿಂತಿತ್ತು.

ಅದು ಅವರ ತಮ್ಮ ಶೌಕಿಯ ಫಿಯೆಟ್. ತಂದೆತಾಯಿ ಹೋದ ಮೇಲೆ ಉಸ್ತಾ ಎದೆಗವಚಿ ಸಾಕಿದ ತಮ್ಮ. ಅವನನ್ನು ದಡ ಮುಟ್ಟಿಸುವಷ್ಟರಲ್ಲಿ ತಮ್ಮದೇ ಮದುವೆಯ ವಯಸ್ಸು ದಾಟಿದ್ದನ್ನೂ ಅವರು ಗಮನಿಸಿರಲಿಲ್ಲ. ಶೌಕಿ ಸರಕು ಹಡಗಿನಲ್ಲಿ ಅಡಿಗೆಯವನಾಗಿ ಸೇರಿ, ಮೊದಲ ಸಂಪಾದನೆಯಲ್ಲಿ ಆಕಾಶದ ಬಣ್ಣದ ಆ ಗಾಡಿ ಕೊಂಡು, ಒಂದು ಬೇಸಗೆ ಪೂರ್ತಿ ಹಾರನ್ ಹೊಡೆದುಕೊಂಡು ತಿರುಗಿ, ಮತ್ತೆ ಹಡಗು ಹತ್ತುವಾಗ ಬಂದರಿನ ಕಟ್ಟೆಯ ಮೇಲೆ ಕೀಲಿ ಕೊಟ್ಟು ಹೇಳಿದನಂತೆ: “ಅಣ್ಣ, ಉಪ್ಪು ತಿನ್ನದ ಹಾಗೆ ನೋಡ್ಕೋ. ಬಂದವನೇ ನಿನ್ನ ಪಕ್ಕದಲ್ಲಿ ಕೂರಿಸ್ಕೊಂಡು ಕಡಲದಂಡೆ ಪೂರಾ ಸುತ್ತಿಸ್ತೀನಿ.” ಆಮೇಲೆ ಫೋನು ಬರತೊಡಗಿತು, ಒಂದೊಂದು ಹಬ್ಬಕ್ಕೆ ಒಂದೊಂದು ಬಂದರಿನಿಂದ, ಕ್ರಮೇಣ ಗ್ರೀಸಿನ ಒಂದೇ ಬಂದರಿನಿಂದ, ಹಿನ್ನೆಲೆಯಲ್ಲಿ ಹೆಂಗಸೊಬ್ಬಳು ನಗುವುದು ಕೇಳಿಸುತ್ತದೆಂದು ಖಮೀಸ್ ಹೇಳುತ್ತಿದ್ದ. ಫೋನು ಬರುತ್ತಿದ್ದುದು ಖಮೀಸನ ಅಂಗಡಿಗೇ. ಉಸ್ತಾ ಎಂದೂ ತಮ್ಮದೇ ಫೋನು ಇಟ್ಟುಕೊಂಡವರಲ್ಲ.

“ಶೌಕಿ ಅಂದ್ರೆ ಹಂಬಲ. ಹಂಬಲ ಅಂತ ಹೆಸರಿಟ್ಟುಬಿಟ್ಟು ಹತ್ತಿರ ಇರು ಅಂದ್ರೆ ಇರ್ತಾನಾ?” ಎಂದು ಖಮೀಸ್ ಅಣಕಿಸಿದರೆ ಉಸ್ತಾ ಕೇಳಿಸಿಕೊಳ್ಳದವರಂತೆ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ಏನು ಮಾತಾಡುತ್ತಿದ್ದರು? ಗಾಡಿಯನ್ನೇ. ಗಾಡಿ ಚೆನ್ನಾಗಿದೆ. ಮೊನ್ನೆ ಮೇಣ ಹಾಕಿದೆ. ಇಂಜಿನ್ ಸ್ಟಾರ್ಟ್ ಮಾಡಿದೆ, ಒಂದೇ ಸಲಕ್ಕೆ ಹತ್ತಿಕೊಂಡಿತು. ಅಷ್ಟೇ. ಫೋನಿಟ್ಟ ಮೇಲೆ ಉಮ್ಮ್ ಹಾಶಿಮ್ ತಡೆಯಲಾರದೆ ಒಮ್ಮೆ ಕೇಳಿದಳು: “ಬಾ ಅಂತ ಒಂದು ಮಾತು ಬಾಯಲ್ಲಿ ಬರಲ್ವಾ ನಿಮಗೆ?”

“ಕರೆದ ಮೇಲೆ ಬಂದ್ರೆ ಅದು ಬಂದಂಗಾ ತಾಯಿ?”

ಇಷ್ಟು ವರ್ಷ ತಾವೇ ಕುದಿಸಿದ ಜೇನುಮೇಣವನ್ನು ಆ ಗಾಡಿಗೆ ಅವರು ತಿಕ್ಕುತ್ತಿದ್ದರು. ಅದು ಅಲ್ಪಾಯುಷಿ, ಒಂದು ಗಾಳಿ ಬೀಸಿ ಉಪ್ಪು ಕೂತರೆ ಮತ್ತೆ ಮೊದಲಿನಿಂದ. ಹೊದಿಕೆ ಹಾಕಿ ಎಂದರೆ ಹೊದಿಕೆಯಡಿಯ ಮರಳು ಬಣ್ಣವನ್ನು ಗೀರುತ್ತದೆಂದು ಒಪ್ಪುವುದಿಲ್ಲ. ಹಾಗಿರುವಾಗ ಬಲ ಭುಜ ಕೈಕೊಟ್ಟಿತು. ತೋಳು ಎತ್ತಿದರೆ ಹಲ್ಲು ಕಚ್ಚಬೇಕು, ತಿಕ್ಕಿದರೆ ಎರಡು ದಿನ ಮಲಗಬೇಕು. ಚಳಿಗಾಲಕ್ಕೆ ಒಂದೇ ಸಲ ಹಚ್ಚಿ, ಊಳುಗಾಳಿಯವರೆಗೆ ನೆಮ್ಮದಿಯಾಗಿರುವಂಥದ್ದು ಈಗ ಬೇಕೇ ಬೇಕಾಯಿತು. ಆಯ್ಕೆಗೆ ಮೂರು ನಿಂತವು: ತಮ್ಮದೇ ಜೇನುಮೇಣ, ಬ್ರೆಜಿಲಿನ ತಾಳೆ ಜಾತಿಯ ಮರದ ಎಲೆಯಿಂದ ಬರುವ ಗಟ್ಟಿ ಮೇಣ, ಮತ್ತೆ, ಗಿಡಮರ ಹುಳುಹುಪ್ಪಟೆ ಯಾವುದರ ಋಣವೂ ಇಲ್ಲದೆ ಕಾರ್ಖಾನೆಯಲ್ಲೇ ಹುಟ್ಟಿದ, ಬಣ್ಣದ ಮೇಲೆ ಗಾಜಿನ ಪೊರೆಯಂತೆ ಕೂರುವ ಸೀಲಂಟ್ ಎಂಬ ದ್ರವ. ತಮ್ಮನ ಗಾಡಿಯ ಮೇಲೆ ಪ್ರಯೋಗ ಮಾಡುವಂತಿಲ್ಲ. ಪ್ರಯೋಗಕ್ಕೆ ಬೇಕಾದ್ದು ಕಡಲದಂಡೆಯಲ್ಲೇ ಹಗಲಿಡೀ ನಿಂತು ಉಪ್ಪು ಬಿಸಿಲು ಎರಡನ್ನೂ ತಿನ್ನುವ ದಿಕ್ಕಿಲ್ಲದ ಗಾಡಿ.

ನಾನು ಬೇಯಿಸಿದ ಕಾಳಿನ ಫೂಲ್ ತಿಂದು ಕೈ ತೊಳೆದು ಬರುವಷ್ಟರಲ್ಲಿ ನನ್ನ ಬಾನೆಟ್ಟಿಗೆ ಕಾಗದದ ಟೇಪು ಅಂಟಿಸಿ, ಬಣ್ಣದ ಹಳೇ ಕೊಳೆ ತೆಗೆದು, ಮೂರನೆಯ ಪಟ್ಟಿಗೆ ಬಟ್ಟೆ ಹಚ್ಚಿದ್ದರು.

“ಯಾರನ್ನ ಕೇಳಿ ಮಾಡಿದ್ರಿ ಇದನ್ನ?” ಎಂದು ನಾನು ಗಲ್ಲಿ ಬಿರಿಯುವಂತೆ ಕೂಗಿದೆ.

“ನಿನ್ನ ಗಾಡಿಯಷ್ಟು ಕಷ್ಟ ಕಂಡದ್ದು ಊರಲ್ಲಿ ಇನ್ನೊಂದಿಲ್ಲ ಫರ್ಗಲಿ. ನಿನ್ನನ್ನ ನಾಲ್ಕು ಜನ ಕೇಳೋ ಹಾಗೆ ಹೊಗಳ್ತಾ ಇದೀನಿ, ಬೈತೀಯಲ್ಲ.”

“ಜನ ನಗ್ತಾರೆ ಉಸ್ತಾ!”

“ನಗಲಿ. ಊಳುಗಾಳಿ ಕಳೀಲಿ, ಪೂರಾ ಬಾನೆಟ್ ಒಂದೇ ಬಣ್ಣ ಮಾಡಿ ಕೊಡ್ತೀನಿ. ಇದು ನನ್ನ ಮೇಲಿರೋ ಸಾಲ ಅಂತ ತಿಳ್ಕೋ.”

ಆ ಚಳಿಗಾಲವೆಲ್ಲ ಅವರು ಟ್ಯಾಕ್ಸಿ ನಿಲ್ದಾಣಕ್ಕೆ ಗಾಜಿನ ಲೋಟದಲ್ಲಿ ನೀರು ಹಿಡಿದು ಬರುತ್ತಿದ್ದರು. ಗಿರಾಕಿ ಕೂತಿದ್ದರೂ ಸರಿಯೇ, ಬಾನೆಟ್ಟಿನ ಮೇಲೆ ನೀರು ಸುರಿದು, ಹನಿ ಮುತ್ತಾಗಿ ನಿಲ್ಲುತ್ತದೋ ಚಪ್ಪಟೆಯಾಗಿ ಹರಡುತ್ತದೋ ಎಂದು ಮೂಗು ತಾಗುವಷ್ಟು ಬಗ್ಗಿ ನೋಡುತ್ತಿದ್ದರು. ಪೊರಕೆಗಾಳಿ ಬೀಸಿದ ಮರುದಿನವೇ ಅವರ ಜೇನುಮೇಣ ಸೋತಿತು. ಅಂದು ಆ ಎಡದ ಪಟ್ಟಿಯ ಮೇಲೆ ಅಂಗೈಯಿಟ್ಟು, ಜ್ವರ ಬಂದ ಮಗುವಿನ ಹಣೆ ಮುಟ್ಟಿದವರಂತೆ, ಬಹಳ ಹೊತ್ತು ನಿಂತರು. ಬ್ರೆಜಿಲಿನದು ದೊಡ್ಡ ಹೊನಲಿನವರೆಗೆ ಮಾನ ಉಳಿಸಿಕೊಂಡಿತು. ಕಾರ್ಖಾನೆಯದು ಮಾತ್ರ ಊಳುಗಾಳಿ ಊಳಿಟ್ಟು ಸುಸ್ತಾಗಿ ಹೋದ ಮೇಲೂ ಹನಿಗಳನ್ನು ಮುತ್ತಿನಂತೆ ಹೊತ್ತು ನಿಂತಿತ್ತು. ಬಾನೆಟ್ ಸರಿ ಮಾಡಿಕೊಡಿ ಎಂದೆ. “ಬಿಸಿಲನ್ನೂ ನೋಡ್ಬೇಕಲ್ಲ” ಎಂದರು. ಆ ಬೇಸಗೆಯ ಬಿಸಿಲೇ ನನ್ನ ಬಾನೆಟ್ಟಿನ ಹಣೆಬರಹವನ್ನು ಮೂರು ಬಣ್ಣದಲ್ಲಿ ಬರೆದದ್ದು.

ಗೆದ್ದದ್ದನ್ನು ಅವರು ಪ್ರೀತಿಸಲಿಲ್ಲ. “ವಾಸನೆ ಇಲ್ಲ, ಬಿಸಿ ಇಲ್ಲ. ಇದಕ್ಕೆ ಕೈ ಬೇಡ ಕಣೋ, ಬಟ್ಟೆ ಸಾಕು” ಎಂದು ಆ ಬಾಟಲಿಯನ್ನು, ತಾವು ಒಪ್ಪದ ಮನೆಯಿಂದ ತಂದ ಸೊಸೆಯನ್ನು ನೋಡುವಂತೆ ನೋಡುತ್ತಿದ್ದರು. ಆದರೂ ಮುಂದಿನ ಪೊರಕೆಗಾಳಿಯ ಮುಂಚೆ ನೀಲಿ ಗಾಡಿಗೆ ಅದನ್ನೇ ಹಚ್ಚಿದರು. ಹಚ್ಚಿ ಮನಸ್ಸು ತಡೆಯದೆ, ಬಾಗಿಲ ಸಂದು, ಗಾಜಿನ ಅಂಚು, ಎಲ್ಲೆಲ್ಲಿ ಬಿರುಕು ಕಂಡಿತೋ ಅಲ್ಲೆಲ್ಲ ತಮ್ಮ ಜೇನುಮೇಣವನ್ನು ಚಾಕುವಿನ ತುದಿಯಿಂದ ಒತ್ತಿ ಒತ್ತಿ ತುಂಬಿದರು. ಗೋಣಿಚೀಲದ ಮೇಲೆ ಅಂಗಾತ ಮಲಗಿ ಬಾಗಿಲುಗಳ ಅಡಿಗೂ ಮೇಣ ಒತ್ತುತ್ತಿದ್ದುದನ್ನು ನಾನು ಬೀದಿಯಾಚೆಯಿಂದ ಕಂಡೆ. ಎದ್ದು ಕೂತವರ ಮುಖದಲ್ಲಿ ನಿರಾಳವಿತ್ತು. ಬಾಯಿ ಬಿಟ್ಟದ್ದು ಇನ್ನೊಂದೂ ಉಳಿದಿರಲಿಲ್ಲ.

ಆ ಚಳಿಗಾಲ ಮಳೆ ಹೆಚ್ಚು. ಗಾಡಿ ಮಾತ್ರ ಹನಿಗಳ ಹಾರ ಹಾಕಿಕೊಂಡು ನಿಂತಿತ್ತು. ಊಳುಗಾಳಿ ಮುಗಿದ ವಾರದಲ್ಲಿ ಫೋನು ಬಂತು: ವಸಂತದ ಶಮ್ಮುನ್ನಸೀಮ್ ಹಬ್ಬಕ್ಕೆ ಶೌಕಿ ಬರುತ್ತಾನೆ.

ಉಸ್ತಾ ಕ್ಷೌರ ಮಾಡಿಸಿಕೊಂಡರು. ಹಬ್ಬದ ಉಪ್ಪುಮೀನನ್ನು ಉಮ್ಮ್ ಹಾಶಿಮ್ ತಂದರೆ ಮೂಸಿ ನೋಡಿ ವಾಪಸು ಕಳಿಸಿ ಬೇರೆ ತರಿಸಿದರು. ಮೊಟ್ಟೆಗಳಿಗೆ ಬಣ್ಣ ಹಚ್ಚಿದರು, ಆ ವಯಸ್ಸಿನಲ್ಲಿ. ಶೌಕಿ ಬಂದ, ದಪ್ಪಗಾಗಿದ್ದ, ಕೂದಲು ಅರ್ಧ ಹೋಗಿತ್ತು, ನಗು ಮಾತ್ರ ಹಾರನ್ ಹೊಡೆದುಕೊಂಡು ತಿರುಗಿದ ಆ ಬೇಸಗೆಯದೇ. ಅಣ್ಣನನ್ನು ನೆಲದಿಂದ ಎತ್ತಿದ. ಗಲ್ಲಿಯೆಲ್ಲ ನೆರೆದಿತ್ತು. ಗಾಡಿಯ ಸುತ್ತ ಬಂದು, ಅದರ ಮೈಯಲ್ಲಿ ತನ್ನ ಮುಖ ಕಂಡು, “ಅಣ್ಣಾ, ನಾನು ಮುದುಕ ಆದೆ, ಇದು ಆಗಿಲ್ವಲ್ಲೋ!” ಎಂದು ಕೂಗಿ, ಬಾಗಿಲಿನ ಹಿಡಿಗೆ ಕೈ ಹಾಕಿ ಎಳೆದ.

ಬಾಗಿಲಿನೊಳಗೆ ಏನೋ ಕುಲುಕಿದ ಸದ್ದು. ಮರುಕ್ಷಣ ತುಕ್ಕಿಗೆ ಕೊಳೆತಿದ್ದ ಅದರ ಕೆಳಗಿನ ಅಂಚು ಚಹಾದಲ್ಲಿ ನೆನೆದ ಬಿಸ್ಕತ್ತಿನಂತೆ ಕಳಚಿ ಬಿತ್ತು. ಚಹಾದ ಬಣ್ಣದ್ದೇ ನೀರು, ಒಂದು ಚಳಿಗಾಲದ ನೀರು, ಶೌಕಿಯ ಹೊಸ ಬೂಟುಗಳ ಮೇಲೆ ಸುರಿದು ಗಲ್ಲಿಯ ಇಳಿಜಾರಿಗೆ ಹರಿಯಿತು.

“ಅಣ್ಣ, ಬಾಗಿಲೊಳಗೆ ಮೀನು ಸಾಕಿದ್ಯಾ?” ಎಂದ ಶೌಕಿ.

ಎಲ್ಲರೂ ನಕ್ಕರು. ಉಸ್ತಾ ನಗಲಿಲ್ಲ. ಮಂಡಿಯೂರಿ, ಇನ್ನೊಂದು ಬಾಗಿಲಿನ ಅಡಿಗೆ ಕೈ ಹಾಕಿ ತಡವರಿಸಿ, ಉಗುರಿನಿಂದ ಏನನ್ನೋ ಕೆರೆದರು. ಮೇಣದ ಸಣ್ಣ ಬಿರಡೆಯೊಂದು ಉದುರಿತು, ಅದರ ಹಿಂದೆಯೇ ಕೆಂಪು ನೀರಿನ ಎಳೆ. ಅವರು ತಲೆಯೆತ್ತಿ ನೋಡಿದ್ದು ನನ್ನನ್ನು.

“ಫರ್ಗಲಿ, ಈ ತೂತು ಬೇಕೂಂತಲೇ ಬಿಟ್ಟಿರೋದಾ?”

“ಹೌದು ಉಸ್ತಾ. ಗಾಜಿನ ಸಂದಿಯಿಂದ ಒಳಗೆ ಇಳಿದ ನೀರು ಹೊರಗೆ ಹೋಗ್ಬೇಕಲ್ಲ. ಬಾಗಿಲು ಉಚ್ಚೆ ಹೊಯ್ಯೋ ಜಾಗ ಅದು.”

“ನಾನು ಮುಚ್ಚಿಬಿಟ್ಟೆ” ಎಂದರು. ಮತ್ತೆ, ತಮಗೆ ತಾವೇ: “ಮರಕ್ಕೆ ಇಂಥದ್ದು ಇರಲ್ಲ.”

ಶೌಕಿ ಮಾತು ತಪ್ಪಲಿಲ್ಲ. ಅದೇ ಮಧ್ಯಾಹ್ನ ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಡಲದಂಡೆಗೆ ಗಾಡಿ ಇಳಿಸಿದ. ಉಸ್ತಾರ ಕಡೆಯ ಬಾಗಿಲೂ ಮುಚ್ಚಿಕೊಳ್ಳದಷ್ಟು ಲಡ್ಡಾಗಿತ್ತು. ಅವರು ಕಿಟಕಿಯಿಂದ ತೋಳು ಹೊರಚಾಚಿ, ನೋವಿನ ಭುಜದ ಆ ಅಂಗೈಯನ್ನೇ ಒತ್ತಿ ಬಾಗಿಲನ್ನು ಹಿಡಿದು ಕೂತಿದ್ದರು. ಟ್ಯಾಕ್ಸಿ ನಿಲ್ದಾಣದ ಮುಂದೆ ಅವರು ಹಾದುಹೋದದ್ದನ್ನು ಕಂಡೆ. ತಮ್ಮ ಹಾರನ್ ಹೊಡೆಯುತ್ತಿದ್ದ. ಅಣ್ಣನ ಕೋಟಿನ ಗುಂಡಿಗಳು ಅಷ್ಟೂ ಬಿಚ್ಚಿದ್ದವು, ಕಡಲಗಾಳಿ ಅದರೊಳಗೆ ಹೊಕ್ಕು ಪಟಪಟ ಬಡಿಯುತ್ತಿತ್ತು. ಆ ಕೋಟು ತೆರೆದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಹಬ್ಬ ಮುಗಿಸಿ ಹೊರಟವನನ್ನು ವಿಮಾನ ನಿಲ್ದಾಣಕ್ಕೆ ಒಯ್ದದ್ದು ನನ್ನ ಮೂರು ಪಟ್ಟಿಯ ಗಾಡಿಯೇ. ನಿಲ್ದಾಣದ ಬಾಗಿಲ ಬಳಿ ಅಪ್ಪಿಕೊಂಡು ಬಿಡುವಾಗ ಉಸ್ತಾ ತಮ್ಮನ ತೋಳನ್ನು ಬಿಡದೆ, ಬಿರಡೆ ಕಳಚಿದ ಹಾಗೆ, ಹೇಳಿಬಿಟ್ಟರು: “ಬಾರೋ. ಮತ್ತೆ ಬಾ. ಬೇಗ ಬಾ.” ಶೌಕಿ ಅಳತೊಡಗಿದ. “ಬರ್ತೀನಣ್ಣ, ಅಳಿಸಬೇಡ” ಎಂದ. ಕರೆದರೂ ಬರಲಿಲ್ಲ. ಅದರಲ್ಲಿ ಅವನ ತಪ್ಪೆಷ್ಟೋ, ಕಡಲಿನ ತಪ್ಪೆಷ್ಟೋ, ನನಗೆ ತಿಳಿಯದು.

ಆ ಬೇಸಗೆ ಉಸ್ತಾರಿಗೆ ಹೊಸ ಚಾಳಿಯೊಂದು ಹತ್ತಿತು. ತಂತಿಯ ತುಂಡು ಹಿಡಿದು, ಗಲ್ಲಿಯಲ್ಲಿ ನಿಂತ ಗಾಡಿಗಳ ಪಕ್ಕದಲ್ಲೆಲ್ಲ ಕುಕ್ಕರುಗಾಲಲ್ಲಿ ಕೂತು, ಬಾಗಿಲುಗಳಡಿಯ ತೂತುಗಳನ್ನು ಚುಚ್ಚಿ ಬಿಡಿಸುವುದು. ಯಾರನ್ನೂ ಕೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ. ಹೊಸದಾಗಿ ಬಂದ ಬಾಡಿಗೆದಾರನೊಬ್ಬ ಕಳ್ಳನೆಂದು ಕೊರಳಪಟ್ಟಿ ಹಿಡಿದಾಗ ಉಮ್ಮ್ ಹಾಶಿಮ್ ಮೀನಿನ ಸೌಟು ಹಿಡಿದೇ ಓಡಿಬಂದಳು: “ಬಿಡಯ್ಯಾ ಅವರನ್ನ! ನಿನ್ನ ಗಾಡಿಗೆ ಕಿವಿ ಚುಚ್ಚಿ ಕೊಟ್ಟಿದ್ದಾರೆ. ಸಿಹಿ ಹಂಚು ಹೋಗು.”

ಬಾನೆಟ್ಟನ್ನು ನೆನಪಿಸಿದೆ. “ಊಳುಗಾಳಿ ಕಳೀಲಿ” ಎಂದರು. ಆ ಸಲ ಅವರು ಊಳುಗಾಳಿಯವರೆಗೆ ತಾಳಲಿಲ್ಲ. ದೊಡ್ಡ ಹೊನಲಿನ ವಾರದಲ್ಲೇ ಹೋದರು. ಗ್ರೀಸಿನಲ್ಲಿದ್ದ ತಮ್ಮನನ್ನು ಹುಡುಕಲು ನಮ್ಮ ಬಳಿ ನಂಬರಿರಲಿಲ್ಲ. ಹಬ್ಬಕ್ಕೆ ಅವನೇ ಫೋನು ಮಾಡಿದಾಗ ಖಮೀಸ್ ಸುದ್ದಿ ಹೇಳಿದ. ಆ ಕಡೆಯಿಂದ ಅಳುವಿನ ನಡುವೆ ಬಂದದ್ದು ಒಂದೇ ಪ್ರಶ್ನೆಯಂತೆ: “ಗಾಡಿ?” ಯಾರನ್ನೂ ಅಣಕಿಸದೆ ಬಿಡದ ಖಮೀಸ್, ತುಕ್ಕು ತಿಂದು ಚಕ್ರದ ಮೇಲೆ ಕುಸಿದಿದ್ದ ಆ ನೀಲಿ ರಾಶಿಯನ್ನು ಅಂಗಡಿಯೊಳಗಿಂದಲೇ ನೋಡುತ್ತ, “ಚೆನ್ನಾಗಿದೆ” ಎಂದ.

ಜಗತ್ತಿನಲ್ಲಿ ಹೋಗುವವರ ಕಥೆಗಳೇ ಹೆಚ್ಚು; ಇದ್ದಲ್ಲೇ ಇದ್ದು, ಹೋದವರ ವಸ್ತುವನ್ನು ಒರೆಸಿಟ್ಟು ಕಾಯುವವರದೂ ಒಂದು ಕುಲವಿದೆ. ಪ್ರೀತಿಯೆಂದರೆ ಹೊರಗಿನದು ಒಳಗೆ ಬಾರದಂತೆ ತಡೆಯುವುದು ಎಂದು ಅವರು ನಂಬುತ್ತಾರೆ. ಒಳಗೆ ನಿಂತದ್ದು ಹೊರಗೆ ಹೋಗಲೂ ಒಂದು ದಾರಿ ಬೇಕೆಂಬುದು ಅವರಿಗೆ ತಿಳಿಯುವ ಹೊತ್ತಿಗೆ ಬಾಗಿಲು ಲಡ್ಡಾಗಿರುತ್ತದೆ. ಆದರೂ ಅಂಥವರು ಹಿಡಿದುಕೊಂಡ ಬಾಗಿಲು, ಹಿಡಿದಿರುವಷ್ಟು ಹೊತ್ತು, ಬೀಳುವುದಿಲ್ಲ.

ಈಗ ಮೂರು ಪಟ್ಟಿಗಳ ಮೇಲೂ ನೀರು ಒಂದೇ ರೀತಿ ಚಪ್ಪಟೆಯಾಗಿ ಹರಡುತ್ತದೆ. ಬಣ್ಣ ಹೊಡೆಸು, ನಾನು ಮಾಡಿಕೊಡುತ್ತೇನೆ ಎಂದು ಬಂದವರನ್ನೆಲ್ಲ ಬೈದು ಅಟ್ಟಿದ್ದೇನೆ. ಅದು ಬೇರೆಯವರು ತೀರಿಸುವ ಸಾಲವಲ್ಲ. ಪ್ರತಿ ವರ್ಷ ಊಳುಗಾಳಿ ಕಳೆದ ಮರುದಿನ ಬಾನೆಟ್ಟಿನ ಮೇಲೆ ಒಂದು ಲೋಟ ನೀರು ಸುರಿದು, ಯಾರೋ ಬರಬೇಕಾದವರಿದ್ದಾರೆಂಬಂತೆ ಗಲ್ಲಿಯ ತಿರುವಿನ ಕಡೆ ಮೂಗರಳಿಸಿ ನಿಲ್ಲುತ್ತೇನೆ.